ಹೂವಿನ ಕೋಣೆಯಲ್ಲಿ ಮೊದಲ ಮಂಚ

ಕುಡಿದು ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದು ಇಂದು ನಮಗೆ ವಿಶೇಷವೆನ್ನಿಸದು. ಆದರೆ 1930ರ ದಶಕದ ಅಮೆರಿಕದಲ್ಲಿ, ಕಾಲು ಮುರಿದವನಿಗೂ ಜ್ವರ ಬಂದವನಿಗೂ ಮಂಚ ಕೊಡಲು ಸಿದ್ಧವಾಗಿದ್ದ ಆಸ್ಪತ್ರೆಗಳೇ ಮದ್ಯವ್ಯಸನಿಯನ್ನು ಕಂಡೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದುವು. ಅವನು ಗಲಾಟೆ ಮಾಡುವನು, ಹಣ ಕೊಡಲಾರನು, ಇಂದು ಗುಣವಾಗಿ ಹೋದರೂ ನಾಳೆ ಮತ್ತೆ ಕುಡಿದು ಬರುವನು ಎಂಬುವು ಆಸ್ಪತ್ರೆಗಳವರ ಆಕ್ಷೇಪಣೆಗಳು. ಅವು ಬಹುಮಟ್ಟಿಗೆ ನಿಜವೂ ಆಗಿದ್ದುವು. ಅವನ ಪಾಲಿಗೆ ಉಳಿದಿದ್ದುದು ಪೋಲೀಸ್ ಠಾಣೆ, ಹುಚ್ಚಾಸ್ಪತ್ರೆ, ಇಲ್ಲವೇ ಅವನ ಹೆಸರೆತ್ತಿದರೆ ನಡುಗುವ ಮನೆ. ಅಂತಹ ಕಾಲದಲ್ಲಿ, ಓಹಾಯೊ ಸಂಸ್ಥಾನದ ಆಕ್ರನ್ ಎಂಬ ರಬ್ಬರ್ ಕಾರ್ಖಾನೆಗಳ ಊರಿನಲ್ಲಿ, ಸೇಂಟ್ ಥಾಮಸ್ ಎಂಬ ಕ್ಯಾಥೊಲಿಕ್ ಆಸ್ಪತ್ರೆಯು 1939ರ ಆಗಸ್ಟ್ 16ರಂದು ಕುಡುಕನೊಬ್ಬನನ್ನು ರೋಗಿಯೆಂದು ದಾಖಲು ಮಾಡಿಕೊಂಡಿತು. ಪುಸ್ತಕದಲ್ಲಿ ಬರೆದ ರೋಗದ ಹೆಸರು ಮಾತ್ರ ಜಠರದ ತೀವ್ರ ಉರಿಯೂತ ಎಂದು. ಬರೆದುಕೊಂಡವರು ಪ್ರವೇಶ ವಿಭಾಗದ ಮೇಜಿನ ಹಿಂದೆ ಕುಳಿತಿದ್ದ ಸಿಸ್ಟರ್ ಇಗ್ನೇಷಿಯಾ. ಬರೆಯಿಸಿದವರು ಡಾಕ್ಟರ್ ರಾಬರ್ಟ್ ಸ್ಮಿತ್. ವ್ಯಸನಕ್ಕೆ ಸಿಕ್ಕಿದವರಿಗೂ ಅವರ ಮನೆಯವರಿಗೂ ಕ್ರೈಸ್ತ ಶ್ರದ್ಧೆಯು ಆಶ್ರಯವಿತ್ತ ಬಗೆಗಳು ಹಲವು. ಅವುಗಳಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ತೋರುವುದು ಇವರಿಬ್ಬರೂ ಸೇರಿ ನಡೆಸಿದ ಆ ವಾರ್ಡು.

ಮದ್ಯದ ವಿರುದ್ಧ ಕ್ರೈಸ್ತ ಸಮಾಜವು ಎದ್ದುನಿಂತದ್ದು ಅದೇ ಮೊದಲಲ್ಲ. ಅದಕ್ಕೆ ನೂರು ವರ್ಷ ಹಿಂದೆ, 1838ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದಲ್ಲಿ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಸಂನ್ಯಾಸಿ ಸಂಪೂರ್ಣ ಮದ್ಯತ್ಯಾಗದ ಪ್ರತಿಜ್ಞೆಯನ್ನು ಬೋಧಿಸತೊಡಗಿದಾಗ ಲಕ್ಷೋಪಲಕ್ಷ ಜನ ಬಂದು ಪ್ರತಿಜ್ಞೆ ಕೈಗೊಂಡರು. 1877ರಲ್ಲಿ ಜಿನೀವಾದಲ್ಲಿ ಲೂಯಿ ಲೂಸಿಯೆನ್ ರೋಷಾ ಎಂಬ ಪಾದ್ರಿ ನೀಲಿ ಶಿಲುಬೆಯ ಸಂಘವನ್ನು ಸ್ಥಾಪಿಸಿ, ಎಂದೂ ಹದ ಮೀರಿ ಕುಡಿಯದವರು ಕೂಡ ಕುಡುಕನ ಜತೆಗೆ ತಾವೂ ತ್ಯಾಗಪತ್ರಕ್ಕೆ ಸಹಿ ಹಾಕಿ ಅವನ ಪಕ್ಕದಲ್ಲಿ ನಿಲ್ಲುವ ಉದಾರವಾದ ಪದ್ಧತಿಯನ್ನು ಬೆಳೆಸಿದರು. ಪ್ರತಿಜ್ಞೆಯ ಮಹಿಮೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಪ್ರತಿಜ್ಞೆಯನ್ನು ಉಳಿಸಿಕೊಳ್ಳುವುದಕ್ಕೆ ಸಂಕಲ್ಪಬಲ ಬೇಕು. ವ್ಯಸನವು ಮೊದಲು ಕಬಳಿಸುವುದು ಆ ಸಂಕಲ್ಪಬಲವನ್ನೇ. ಹೀಗಾಗಿ, ಯಾರಿಗೆ ನೆರವು ಅತ್ಯಂತ ಅಗತ್ಯವೋ ಅವನೇ ಆಣೆ ಮುರಿದವನೆನ್ನಿಸಿಕೊಂಡು, ಮೊದಲಿದ್ದ ಅವಮಾನದ ಮೇಲೆ ಮತ್ತೊಂದು ಅವಮಾನವನ್ನು ಹೊತ್ತು ಇಗರ್ಜಿಯ ಬಾಗಿಲಿನಿಂದ ದೂರವಾಗುತ್ತಿದ್ದನು. ಅವನಿಗೆ ಬೇಕಾಗಿದ್ದುದು ಆಣೆಗಿಂತ ಮುಂಚಿನ ಒಂದು ವಸ್ತು: ಮಲಗಲು ಒಂದು ಮಂಚ, ಪಕ್ಕದಲ್ಲಿ ಕುಳಿತು ಮಾತನಾಡಲು ಅವನ ಸಂಕಟವನ್ನು ತಾನೂ ಉಂಡಿರುವ ಒಬ್ಬ ಮನುಷ್ಯ.

ಅದನ್ನು ಒದಗಿಸಿಕೊಟ್ಟ ಸಿಸ್ಟರ್ ಇಗ್ನೇಷಿಯಾ ಹುಟ್ಟಿದ್ದು 1889ರಲ್ಲಿ, ಐರ್ಲೆಂಡಿನ ಮೇಯೋ ಸೀಮೆಯಲ್ಲಿ. ತಂದೆತಾಯಿಗಳಿಟ್ಟ ಹೆಸರು ಬ್ರಿಜೆಟ್ ಗ್ಯಾವಿನ್. ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಸಂಗೀತವನ್ನು ಕಲಿತು, 1914ರಲ್ಲಿ ಸಂತ ಅಗಸ್ಟೀನರ ಹೆಸರಿನ ದಯಾಸೋದರಿಯರ ಮಠವನ್ನು ಸೇರಿ, ಅನೇಕ ವರ್ಷ ಸಂಗೀತವನ್ನು ಕಲಿಸುತ್ತಿದ್ದ ಈಕೆ 1933ರಲ್ಲಿ ದುಡಿಮೆಯ ಭಾರದಿಂದ ದೇಹ ಮನಸ್ಸುಗಳೆರಡೂ ಕುಸಿದು ಹಾಸಿಗೆ ಹಿಡಿದರು. ಚೇತರಿಸಿಕೊಂಡಾಗ ಸಂಗೀತದ ಶ್ರಮ ಇನ್ನು ಸಲ್ಲದೆಂದು ಹಗುರವಾದ ಕೆಲಸವಾಗಿ ಅವರಿಗೆ ದೊರೆತದ್ದು ಆಕ್ರನ್ನಿನ ಆಸ್ಪತ್ರೆಯ ಪ್ರವೇಶ ವಿಭಾಗ. ಸ್ವತಃ ಮುರಿದುಬಿದ್ದು ಮೇಲೆದ್ದ ಈ ಕೃಶಾಂಗಿಗೆ, ನಡುಗುವ ಕೈಗಳಿಂದ ಮೇಜನ್ನು ಹಿಡಿದು ನಿಂತವನ ಸ್ಥಿತಿಯನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. 1939ಕ್ಕೆ ಮುಂಚೆಯೇ, ತುರ್ತು ಚಿಕಿತ್ಸೆಯ ವಿಭಾಗದ ತರುಣ ವೈದ್ಯರೊಬ್ಬರ ಸಹಕಾರದಿಂದ, ಅವರು ಅಂಥವರನ್ನು ಸದ್ದಿಲ್ಲದೆ ಒಳಕ್ಕೆ ಸೇರಿಸಿಕೊಂಡು ಉಪಚರಿಸಿದ್ದುಂಟು.

ಡಾಕ್ಟರ್ ಸ್ಮಿತ್ ಶಸ್ತ್ರವೈದ್ಯರು. ತಾವೇ ಕುಡಿತದಿಂದ ವೃತ್ತಿಯನ್ನೂ ಮರ್ಯಾದೆಯನ್ನೂ ಬಹುಪಾಲು ಕಳೆದುಕೊಂಡಿದ್ದವರು. ಅವರ ಪತ್ನಿ ಆ್ಯನ್, ಲೂಥರನ್ ಪಾದ್ರಿ ಫ್ರ್ಯಾಂಕ್ ಬುಕ್ಮನ್ನರು ಆರಂಭಿಸಿದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಪ್ರಾರ್ಥನಾಕೂಟಕ್ಕೆ ಗಂಡನನ್ನು ಕರೆದೊಯ್ಯುತ್ತಿದ್ದರು. ಅವರು ಕೂಟಕ್ಕೂ ಹೋಗುತ್ತಿದ್ದರು, ಮರಳಿ ಬಂದು ಕುಡಿಯುತ್ತಲೂ ಇದ್ದರು. 1935ರ ಮೇ 12ರಂದು, ವ್ಯಾಪಾರದಲ್ಲಿ ಸೋತು ಆಕ್ರನ್ನಿನಲ್ಲಿ ಒಬ್ಬಂಟಿಯಾಗಿ ಸಿಕ್ಕಿಬಿದ್ದಿದ್ದ, ಕುಡಿತವನ್ನು ಬಿಟ್ಟು ಕೆಲವೇ ತಿಂಗಳಾಗಿದ್ದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬಾತ, ತಾನು ಮತ್ತೆ ಕುಡಿಯದೆ ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂದು ಹುಡುಕಿಕೊಂಡು ಬಂದು ಈ ವೈದ್ಯರನ್ನು ಕಂಡನು. ಉಪದೇಶಕ್ಕೆ ಬಗ್ಗದಿದ್ದವರು ಸಮದುಃಖಿಯ ಮಾತಿಗೆ ಬಗ್ಗಿದರು. ಆದರೂ ನಡುವೆ ಒಮ್ಮೆ ಜಾರಿ, ಜೂನ್ 10ರ ಬೆಳಗ್ಗೆ ಶಸ್ತ್ರಚಿಕಿತ್ಸೆಗೆ ಹೊರಡುವಾಗ ಕೈನಡುಕ ನಿಲ್ಲಲೆಂದು ವಿಲ್ಸನ್ನನೇ ಕೊಟ್ಟ ಒಂದು ಸೀಸೆ ಬಿಯರು ಅವರ ಕಡೆಯ ಕುಡಿತವಾಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಜಗದ್ವ್ಯಾಪಿಯಾದ ಬಳಗವು ತನ್ನ ಹುಟ್ಟಿದ ದಿನವೆಂದು ಎಣಿಸುವುದು ಆ ದಿನವನ್ನೇ.

ಹೂವಿನ ಕೋಣೆಯ ವೃತ್ತಾಂತಕ್ಕೆ ಬರೋಣ. ಆಗಸ್ಟಿನಲ್ಲಿ ಸೇರಿಸಿಕೊಂಡ ಆ ರೋಗಿಗೆ ಮೊದಲು ಸಿಕ್ಕಿದ್ದು ಎರಡು ಮಂಚಗಳ ಕೋಣೆ. ಮರುದಿನ ಬೆಳಗ್ಗೆ ಡಾಕ್ಟರರು ಬಂದು, ಇವನೊಡನೆ ಮಾತನಾಡಲು ಕುಡಿತ ಬಿಟ್ಟ ಗೆಳೆಯರು ಬರುವರು, ಅದಕ್ಕೆ ಏಕಾಂತವಾದ ಸ್ಥಳ ಬೇಕೆಂದು ವಿನಂತಿಸಿದರು. ಬೇರೆ ಕೋಣೆ ಯಾವುದೂ ಬರಿದಾಗಿರಲಿಲ್ಲ. ರೋಗಿಗಳಿಗೆ ಬಂದ ಹೂಗಳನ್ನು ನೀರಿನಲ್ಲಿಟ್ಟು ಜೋಡಿಸುವ ಸಣ್ಣ ಕೋಣೆಯೊಂದಿತ್ತು. ಸಿಸ್ಟರ್ ಇಗ್ನೇಷಿಯಾ ಅಳತೆ ನೋಡಿ, ಮಂಚವನ್ನು ಅದರೊಳಕ್ಕೆ ತಳ್ಳಿಸಿದರು. ಗೆಳೆಯರು ಬಂದು, ಹೂಕುಂಡಗಳ ನಡುವೆ ಕುಳಿತು, ತಮ್ಮ ತಮ್ಮ ಕಥೆಗಳನ್ನು ಹೇಳಿಕೊಂಡರು. ಮೆಲ್ಲಮೆಲ್ಲನೆ ಅದು ಕೆಲವು ಮಂಚಗಳ ಪ್ರತ್ಯೇಕ ವಾರ್ಡಾಗಿ ಬೆಳೆದು, ಪ್ರಾರ್ಥನಾಮಂದಿರಕ್ಕೆ ಹತ್ತಿರವಾದ ಸ್ಥಳವನ್ನು ಪಡೆಯಿತು.

ಆ ವಾರ್ಡಿನ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಜಾಣ್ಮೆಯೆಲ್ಲ ಆ ಕ್ರಮದಲ್ಲಿಯೇ ಇದ್ದಿತು. ಯಾವ ರೋಗಿಯೂ ಒಬ್ಬನೇ ಬರುವಂತಿರಲಿಲ್ಲ. ಕುಡಿತ ಬಿಟ್ಟವನೊಬ್ಬ ಸ್ಪಾನ್ಸರನಾಗಿ, ಅಂದರೆ ಹೊಣೆಗಾರನಾಗಿ, ಜತೆಗೆ ಬಂದು ಸೇರಿಸಬೇಕು. ವಾಸ ಐದು ದಿನ. ಮೊದಲ ದಿನಗಳಲ್ಲಿ ವೈದ್ಯರ ಆರೈಕೆಯೇ ಪ್ರಧಾನ, ಏಕೆಂದರೆ ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ, ಒಮ್ಮೊಮ್ಮೆ ಮರಣವೂ ಸಂಭವಿಸಬಹುದು. ಆಮೇಲೆ ಬರುವವರೆಲ್ಲ ಬಳಗದ ಗೆಳೆಯರೇ; ಕಾಫಿ ಸದಾ ಸಿದ್ಧವಿರುತ್ತಿದ್ದಿತು; ನಿನ್ನೆ ಮೊನ್ನೆ ನಡುಗುತ್ತ ಬಂದವನು ಇಂದು ಬಂದವನ ಪಕ್ಕದಲ್ಲಿ ಕುಳಿತು ಧೈರ್ಯ ಹೇಳುತ್ತಿದ್ದನು. ಒಮ್ಮೆ ಬಂದುಹೋದವನಿಗೆ ಎರಡನೆಯ ಸಲದ ಪ್ರವೇಶ ಸಾಮಾನ್ಯವಾಗಿ ಇರಲಿಲ್ಲ. ಕರುಣೆಯ ಮನೆಯಲ್ಲಿ ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳಬಹುದು. ಹೊರಗೆ ಕಾಯುತ್ತಿದ್ದವರ ಸಾಲು ಉದ್ದವಾಗಿದ್ದಿತು. ಅಲ್ಲದೆ, ಮರಳಿ ಬರಲು ಸಲೀಸಾದ ದಾರಿಯಿದೆಯೆಂದು ಬಲ್ಲವನು ಹೊರಗಿನ ಬಳಗವನ್ನು ಹಿಡಿದುಕೊಳ್ಳುವುದಿಲ್ಲವೆಂಬುದನ್ನು ಅವರು ಅನುಭವದಿಂದ ಅರಿತಿದ್ದರೆಂದು ತೋರುತ್ತದೆ. 1950ರಲ್ಲಿ ಡಾಕ್ಟರ್ ಸ್ಮಿತ್ ತೀರಿಕೊಳ್ಳುವವರೆಗೆ ಈ ಬಗೆಯ ಸುಮಾರು 5,000 ರೋಗಿಗಳನ್ನು ಅವರು ನೋಡಿದರು. ಅದಕ್ಕಾಗಿ ಶುಲ್ಕ ತೆಗೆದುಕೊಳ್ಳಲಿಲ್ಲ.

ಹೊರಡುವ ದಿನ ಸಿಸ್ಟರ್ ಪ್ರತಿಯೊಬ್ಬನನ್ನೂ ಕರೆದು, ಯೇಸುವಿನ ಪವಿತ್ರ ಹೃದಯದ ಒಂದು ಸಣ್ಣ ಬಿಲ್ಲೆಯನ್ನು ಅವನ ಕೈಗಿಡುತ್ತಿದ್ದರು. ಪ್ರಾಟೆಸ್ಟಂಟನಿಗೂ, ದೇವರಲ್ಲಿ ನಂಬಿಕೆ ಸಾಲದವನಿಗೂ ಕೊಡುತ್ತಿದ್ದರು. ಅದರ ಜತೆಗೆ ಅವರು ಬೇಡುತ್ತಿದ್ದುದು ಒಂದೇ ಒಂದು ಮಾತು: ಮತ್ತೆ ಕುಡಿಯಬೇಕೆಂದು ನಿಶ್ಚಯಿಸಿದೆಯಾದರೆ, ಕುಡಿಯುವುದಕ್ಕೆ ಮುಂಚೆ ಬಂದು ಈ ಬಿಲ್ಲೆಯನ್ನು ನನಗೆ ಹಿಂದಿರುಗಿಸಿ ಹೋಗು. ಎಂದೆಂದಿಗೂ ಕುಡಿಯೆನೆಂಬ ಆಣೆಯನ್ನು ಅವರು ಕೇಳಲಿಲ್ಲ. ಎಲ್ಲರ ವಿಶ್ವಾಸವನ್ನೂ ಕಳೆದುಕೊಂಡಿದ್ದವನ ಕೈಯಲ್ಲಿ ಹೊಸದಾಗಿ ಒಂದು ವಿಶ್ವಾಸವನ್ನು ಇಟ್ಟು, ಆಸ್ಪತ್ರೆಗೂ ಹೆಂಡದಂಗಡಿಗೂ ನಡುವೆ ಒಂದಿಷ್ಟು ದಾರಿಯನ್ನೂ ಒಂದು ಮುಖದರ್ಶನವನ್ನೂ ಸೇರಿಸಿಬಿಟ್ಟರು. ಮನಸ್ಸಿನ ಶಾಸ್ತ್ರವನ್ನು ಬಲ್ಲ ಯಾವ ಪಂಡಿತನೂ ಇದಕ್ಕಿಂತ ಸೂಕ್ಷ್ಮವಾದ ಉಪಾಯವನ್ನು ಕಲ್ಪಿಸಿದ್ದನ್ನು ನಾನು ಓದಿಲ್ಲ.

ಮನೆಯವರ ಸಂಗತಿಯನ್ನು ಬಿಟ್ಟರೆ ಈ ಪರಿಚಯವು ಅಪೂರ್ಣವಾದೀತು. ವ್ಯಸನಿಯ ಹೆಂಡತಿಯು ಗಂಡನ ಸೀಸೆಗಳನ್ನು ಹುಡುಕುತ್ತ, ಸಾಲಗಾರರಿಗೆ ಸುಳ್ಳು ಹೇಳುತ್ತ, ಕಛೇರಿಗೆ ಅವನಿಗೆ ಜ್ವರವೆಂದು ತಿಳಿಸುತ್ತ, ರಾತ್ರಿ ಗೇಟಿನ ಸದ್ದಿನಿಂದಲೇ ಅವನೆಷ್ಟು ಕುಡಿದಿರುವನೆಂದು ಅಳೆಯುತ್ತ ಬದುಕುತ್ತಾಳೆ; ಮಕ್ಕಳು ತಂದೆಯ ಮುಖ ನೋಡಿ ಮಾತನಾಡುವುದನ್ನೋ ಸುಮ್ಮನಿರುವುದನ್ನೋ ಕಲಿಯುತ್ತವೆ. ಆ್ಯನ್ ಸ್ಮಿತ್ ಇದನ್ನೆಲ್ಲ ಉಂಡವರು. ಬೆಳಗಿನ ಹೊತ್ತು ತಮ್ಮ ಮನೆಯಲ್ಲಿ ಬೈಬಲ್ಲಿನ ಯಾಕೋಬನ ಪತ್ರಿಕೆಯನ್ನು ಓದಿ, ಕಾಫಿ ಕೊಟ್ಟು, ಕುಡಿತ ಬಿಡಲು ಬಂದವರಿಗೆ ಹೇಗೋ ಹಾಗೆಯೇ ಅವರ ಹೆಂಡಂದಿರಿಗೂ ಅವರು ಆಸರೆಯಾದರು. ಇಂತಹ ಅಡಿಗೆಮನೆಯ ಮಾತುಕತೆಗಳಿಂದ ಬೆಳೆದು, 1951ರಲ್ಲಿ ಬಿಲ್ಲನ ಪತ್ನಿ ಲೋಯಿಸ್ ವಿಲ್ಸನ್ ಮೊದಲಾದವರ ಪ್ರಯತ್ನದಿಂದ, ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವು ರೂಪುಗೊಂಡಿತು. ಈ ರೋಗ ನಿಮ್ಮಿಂದ ಬಂದುದಲ್ಲ, ನಿಮ್ಮ ಹಿಡಿತಕ್ಕೆ ಸಿಕ್ಕತಕ್ಕದ್ದಲ್ಲ, ನೀವು ಗುಣಪಡಿಸತಕ್ಕದ್ದೂ ಅಲ್ಲ ಎಂದು ಅಲ್ಲಿ ಹೇಳುತ್ತಾರೆ. ಗಂಡನ ಕುಡಿತಕ್ಕೆ ಹೆಂಡತಿಯ ನಡತೆಯನ್ನೂ ಕಾಲ್ಗುಣವನ್ನೂ ದೂಷಿಸುವ ಸಮಾಜದಲ್ಲಿ ಈ ಮಾತು ಎಷ್ಟು ದೊಡ್ಡ ಬಿಡುಗಡೆಯೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

1952ರಲ್ಲಿ ಸಿಸ್ಟರ್ ಇಗ್ನೇಷಿಯಾ ಅವರನ್ನು ಕ್ಲೀವ್‌ಲೆಂಡಿನ ಸೇಂಟ್ ವಿನ್ಸೆಂಟ್ ಚಾರಿಟಿ ಆಸ್ಪತ್ರೆಗೆ ವರ್ಗ ಮಾಡಲಾಯಿತು. ಅಲ್ಲಿ ಅವರು ರೋಸರಿ ಹಾಲ್ ಎಂಬ ವಾರ್ಡನ್ನು ಕಟ್ಟಿದರು. 1966ರಲ್ಲಿ ತೀರಿಕೊಂಡರು.

ರೋಗಕ್ಕೆ ಚಿಕಿತ್ಸೆ ಮಾಡುವಲ್ಲಿ ಮತಕ್ಕೇನು ಕೆಲಸವೆಂಬ ಪ್ರಶ್ನೆ ನ್ಯಾಯವಾದದ್ದೇ. ದುರ್ಬಲನ ದೈನ್ಯವನ್ನು ಮತಪ್ರಚಾರಕ್ಕೆ ಬಳಸಿಕೊಳ್ಳುವುದು ಯಾವ ಧರ್ಮಕ್ಕೂ ಶೋಭಿಸದು. ವೈದ್ಯರನ್ನು ದೂರವಿಟ್ಟು ಪ್ರಾರ್ಥನೆಯೊಂದರಿಂದಲೇ ಕುಡಿತ ಬಿಡಿಸುವೆವೆನ್ನುವವರ ಕೈಗೆ ರೋಗಿಯನ್ನು ಒಪ್ಪಿಸುವುದು ಅಪಾಯ. ಆಕ್ರನ್ನಿನ ವಾರ್ಡು ಇವೆರಡನ್ನೂ ಮಾಡಲಿಲ್ಲವೆಂಬುದೇ ಅದರ ಶ್ರೇಷ್ಠತೆ. ಪ್ರಾಟೆಸ್ಟಂಟ್ ವೈದ್ಯರೂ ಕ್ಯಾಥೊಲಿಕ್ ಸಂನ್ಯಾಸಿನಿಯೂ ಒಂದೇ ಮಂಚದ ಎರಡು ಪಕ್ಕಗಳಲ್ಲಿ ನಿಂತರು. ಕುಡಿತ ಬಿಡುವವರಿಗೆ ಬಳಗವು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳು ದೇವರನ್ನು ಅವರವರು ಅರಿತ ರೀತಿಗೆ ಬಿಟ್ಟುವು.

ಆ ಹೆಜ್ಜೆಗಳು ನಮ್ಮ ದೇಶದ ನೆಲದಲ್ಲಿ ಬೇರೂರಿದ ಒಂದು ಬಗೆಯಲ್ಲಿ ಕನ್ನಡನಾಡಿಗೂ ಪಾಲುಂಟು. 1981ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ, ಮೌಂಟ್ ಕಾರ್ಮೆಲ್ ಇಗರ್ಜಿಯ ಆಶ್ರಯದಲ್ಲಿ, ಫಾದರ್ ಜೋ ಪಿರೇರಾ ಅವರು ಕೃಪಾ ಫೌಂಡೇಷನ್ ಎಂಬ ಸಂಸ್ಥೆಯನ್ನು ತೆರೆದರು. ತಾವೂ ಕುಡಿತಕ್ಕೆ ಸಿಕ್ಕಿ ಬಿಡಿಸಿಕೊಂಡವರೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರರ ಶಿಷ್ಯರಾದ ಈ ಪಾದ್ರಿ, ಹನ್ನೆರಡು ಹೆಜ್ಜೆಗಳೊಡನೆ ಗುರುಗಳಿಂದ ಕಲಿತ ಆಸನ ಪ್ರಾಣಾಯಾಮಗಳನ್ನು ಸೇರಿಸಿದರು. ಮದ್ಯ ಬಿಟ್ಟ ಹೊಸತರಲ್ಲಿ ಶರೀರವು ನಿದ್ರೆಗೆಟ್ಟು ಒಂದೆಡೆ ನಿಲ್ಲದೆ ಚಡಪಡಿಸುತ್ತದೆ. ಕುರ್ಚಿ, ಹಗ್ಗ, ದಿಂಬುಗಳ ಆಸರೆಯಿಂದ ದುರ್ಬಲರೂ ಆಸನದಲ್ಲಿ ನೆಲೆಗೊಳ್ಳುವಂತೆ ಅಯ್ಯಂಗಾರರು ರೂಢಿಸಿದ ವಿಧಾನವು ಅಂತಹ ಶರೀರಕ್ಕೆ ಒಪ್ಪುವಂತಹುದು. ಫಾದರ್ ಪಿರೇರಾ ಅವರಿಗೆ 2009ರಲ್ಲಿ ಪದ್ಮಶ್ರೀ ದೊರೆಯಿತು.

ನೆರವನ್ನು ಅರಸುವ ಕುಟುಂಬಗಳಿಗೆ ಎರಡು ಮಾತು. ಬಹುಕಾಲ ಕುಡಿದವರು ಬಿಡಲು ಹೊರಟಾಗ ಮೊದಲು ಕಾಣಬೇಕಾದುದು ವೈದ್ಯರನ್ನು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬಳಗದ ಮೀಟಿಂಗುಗಳು ಅನೇಕ ಊರುಗಳಲ್ಲಿ ಇಗರ್ಜಿಯ ಇಲ್ಲವೇ ಶಾಲೆಯ ಕೊಠಡಿಯಲ್ಲಿ ನಡೆಯುತ್ತವೆ. ಬಂದವರ ಮತವನ್ನು ಕೇಳುವುದಿಲ್ಲ, ಶುಲ್ಕವಿಲ್ಲ. ಮನೆಯವರ ಕೂಟಕ್ಕೆ ಹೋಗಲು ಕುಡಿಯುವವರ ಒಪ್ಪಿಗೆ ಬೇಕಾಗಿಲ್ಲ. ಅವರು ಕುಡಿತವನ್ನು ಬಿಡದೆ ಇರುವಾಗಲೂ ಹೆಂಡತಿಯೋ ತಾಯಿಯೋ ಮಗಳೋ ತಾವಾಗಿ ಹೋಗಿ ಕೂರಬಹುದು.