ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ನಿಂತಾಗ ಈ ಗಾದೆಯನ್ನು ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ.

ಪರಿಚಿತರೊಬ್ಬರು ಹರಾಜಿನಲ್ಲಿ ಒಂದು ಡಜನ್ ಚಮಚ ಕೊಂಡಿದ್ದರು. ನೀಲಿ ಮಖಮಲ್ಲು ಹೊದಿಸಿದ ಪೆಟ್ಟಿಗೆ. ಪ್ರತಿ ಚಮಚದ ಹಿಡಿಯ ಹಿಂಬದಿಯಲ್ಲಿ ಸಾಲಾಗಿ ನಾಲ್ಕು ಪುಟ್ಟ ಮುದ್ರೆಗಳು. 'ಇಂಗ್ಲೆಂಡಿನ ಬೆಳ್ಳಿ ಸ್ವಾಮಿ, ಮುದ್ರೆ ನೋಡಿ' ಎಂದಿದ್ದನಂತೆ ಮಾರಿದವನು. ಮಗಳ ಮದುವೆಗೆ ಕರಗಿಸಿ ತಟ್ಟೆ ಮಾಡಿಸೋಣವೆಂದು ಅಕ್ಕಸಾಲಿಗರ ಬಳಿ ಒಯ್ದಾಗ ಅವರು ಭೂತಗನ್ನಡಿ ಹಿಡಿದು ನೋಡಿ, ಪೆಟ್ಟಿಗೆ ಮುಚ್ಚಿ ಹಿಂದಕ್ಕೆ ಕೊಟ್ಟರು. ಆ ನಾಲ್ಕು ಮುದ್ರೆಗಳು ನಾಲ್ಕು ಇಂಗ್ಲಿಷ್ ಅಕ್ಷರಗಳು: ಇ.ಪಿ.ಎನ್.ಎಸ್. ಎಂದರೆ 'ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್'. ಬೆಳ್ಳಿಯ ಲೇಪ ಮಾತ್ರ. ಮಾರಿದವನ ಮಾತು ಸುಳ್ಳಾಗಿತ್ತು. ಮುದ್ರೆ ಮಾತ್ರ ನಿಜವನ್ನೇ ಹೇಳುತ್ತಿತ್ತು. ಓದಲು ತಿಳಿದಿದ್ದರೆ ಹಣ ಉಳಿಯುತ್ತಿತ್ತು.

ಮೂರನೆಯವರ ಮಾತು

ಅಪ್ಪಟ ಬೆಳ್ಳಿ ಬಹಳ ಮೆದು. ನಿತ್ಯ ಬಳಸುವ ಚಮಚ, ತಟ್ಟೆಗಳಿಗೆ ಅದು ಒದಗದು. ಆದ್ದರಿಂದ 1000 ಪಾಲಿನಲ್ಲಿ 925 ಪಾಲು ಬೆಳ್ಳಿ ಇಟ್ಟುಕೊಂಡು, ಉಳಿದದ್ದಕ್ಕೆ ಹೆಚ್ಚಾಗಿ ತಾಮ್ರವನ್ನೇ ಬೆರೆಸುತ್ತಾರೆ. ಇದೇ ಸ್ಟರ್ಲಿಂಗ್. ಈ ಮಟ್ಟಕ್ಕಿಂತ ಕಡಿಮೆಯ ಬೆಳ್ಳಿ ಸಾಮಾನು ಮಾರಕೂಡದೆಂದೂ, ಪರೀಕ್ಷಿಸಿದ ಮೇಲೆ ಅದಕ್ಕೆ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂದೂ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1300ರಲ್ಲಿ ಕಟ್ಟಳೆ ಮಾಡಿದ. 1363ರಲ್ಲಿ ತಯಾರಕನ ಗುರುತೂ ಕಡ್ಡಾಯವಾಯಿತು. 1478ರಿಂದ ಲಂಡನ್ನಿನ ಅಕ್ಕಸಾಲಿಗರು ತಮ್ಮ ಸರಕನ್ನು ಸಂಘದ ಭವನವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ಗೇ ತಂದು ಪರೀಕ್ಷೆಗೆ ಒಡ್ಡಬೇಕಾಯಿತು. ಆ 'ಹಾಲ್'ನಲ್ಲಿ ಬಿದ್ದ ಗುರುತೇ 'ಹಾಲ್‌ಮಾರ್ಕ್'.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತನ್ನ ಮಾಲು ಒಳ್ಳೆಯದೆಂದು ತಯಾರಕ ಹೇಳಿದರೆ ಅದು ಅವನ ಮಾತು, ಅಷ್ಟೆ. ಮಾಲಿನ ಮಾರಾಟದಲ್ಲಿ ಲಾಭವಿಲ್ಲದ ಮೂರನೆಯವರು ಪರೀಕ್ಷಿಸಿ ಒತ್ತಿದ ಠಸ್ಸೆಯೇ ಸಾಕ್ಷ್ಯ. ಹಳೆಯ ಬೆಳ್ಳಿ ಕೊಳ್ಳುವವರು ಹುಡುಕಬೇಕಾದದ್ದು ಈ ಸಾಕ್ಷ್ಯವನ್ನು.

ಇಂಗ್ಲೆಂಡಿನ ಸ್ಟರ್ಲಿಂಗ್‌ಗೆ 1544ರಿಂದ ಬಂದ ಗುರುತು, ಮುಂಗಾಲೊಂದನ್ನು ಎತ್ತಿ ಎಡಕ್ಕೆ ನಡೆಯುವ ಸಿಂಹ. ಅದರ ಪಕ್ಕದಲ್ಲಿ ಪರೀಕ್ಷೆ ನಡೆದ ಊರಿನ ಗುರುತಿರುತ್ತದೆ: ಲಂಡನ್ನಿಗೆ ಚಿರತೆಯ ತಲೆ, 1773ರಲ್ಲಿ ಪರೀಕ್ಷಾ ಕಚೇರಿ ಪಡೆದ ಬರ್ಮಿಂಗ್‌ಹ್ಯಾಮಿಗೆ ಹಡಗಿನ ಲಂಗರು, ಅದೇ ವರ್ಷ ಕಚೇರಿ ಪಡೆದ ಶೆಫೀಲ್ಡಿಗೆ ಕಿರೀಟ. 1975ರಿಂದ ಶೆಫೀಲ್ಡಿನ ಗುರುತು ಗುಲಾಬಿಯಾಗಿದೆ. ಜೊತೆಗೆ ವರ್ಷ ಸೂಚಿಸುವ ಒಂದು ಅಕ್ಷರ, ತಯಾರಕನ ಹೆಸರಿನ ಮೊದಲಕ್ಷರಗಳು. 1784ರಿಂದ 1890ರವರೆಗಿನ ಸಾಮಾನಿನಲ್ಲಿ ತೆರಿಗೆ ಕಟ್ಟಿದ್ದಕ್ಕೆ ರಾಜನ ಅಥವಾ ರಾಣಿಯ ತಲೆಯೂ ಇರುತ್ತದೆ. ಅಮೆರಿಕದ ಮಾಲಿನಲ್ಲಿ ಸಾಮಾನ್ಯವಾಗಿ 'ಸ್ಟರ್ಲಿಂಗ್' ಎಂಬ ಪದವೇ ಇರುತ್ತದೆ.

ಲೇಪದ ಕಥೆ

1743ರ ಸುಮಾರಿಗೆ ಶೆಫೀಲ್ಡಿನ ಥಾಮಸ್ ಬೋಲ್ಸೋವರ್ ಎಂಬ ಚಾಕು ತಯಾರಕ, ತಾಮ್ರದ ಮೇಲೆ ಬೆಳ್ಳಿಯ ಹಾಳೆಯನ್ನು ಕಾಯಿಸಿ ಬೆಸೆಯಬಹುದೆಂದು ಕಂಡುಕೊಂಡ. ಇದು 'ಶೆಫೀಲ್ಡ್ ಪ್ಲೇಟ್' ಎಂದು ಹೆಸರಾಯಿತು. ಸವೆದ ಕಡೆ ತಾಮ್ರದ ಕೆಂಪು ಇಣುಕುವುದೇ ಇದರ ಲಕ್ಷಣ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಸಂಸ್ಥೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆಗಳ ಮೇಜೂ ಬೆಳ್ಳಗಾಯಿತು.

ಲೇಪದ ಅಡಿಯಲ್ಲಿರುವುದು ಹೆಚ್ಚಾಗಿ 'ನಿಕಲ್ ಸಿಲ್ವರ್', ಅಂದರೆ ನಮ್ಮ ಅಂಗಡಿಗಳ ಜರ್ಮನ್ ಸಿಲ್ವರ್. ತಾಮ್ರ, ಸತು, ನಿಕಲ್ ಸೇರಿದ ಈ ಮಿಶ್ರಲೋಹದಲ್ಲಿ ಬೆಳ್ಳಿ ಹೆಸರಿನಲ್ಲಿ ಮಾತ್ರ ಇದೆ! ತಯಾರಕರು ಇ.ಪಿ.ಎನ್.ಎಸ್. ಅಕ್ಷರಗಳನ್ನು ಪುಟ್ಟ ಗುರಾಣಿಗಳೊಳಗೆ, ಹಳೆಯ ಗಾಥಿಕ್ ಲಿಪಿಯಲ್ಲಿ ಕೂರಿಸುತ್ತಿದ್ದುದುಂಟು. ಬರಿಗಣ್ಣಿಗೆ ಅವು ಹಾಲ್‌ಮಾರ್ಕಿನಂತೆಯೇ ಕಾಣುತ್ತವೆ. 'ಎ1' ಎಂಬುದೂ ಲೇಪದ ದರ್ಜೆಯ ಗುರುತು. 'ಶೆಫೀಲ್ಡ್' ಎಂಬ ಊರಿನ ಹೆಸರೊಂದೇ ಏನನ್ನೂ ಸಾಬೀತು ಮಾಡದು. ಆ ಊರಿನಲ್ಲಿ ಎರಡೂ ಬಗೆಯವು ತಯಾರಾಗುತ್ತಿದ್ದವು. ಜರ್ಮನಿಯ ಚಮಚಗಳ ಮೇಲಿನ '90' ಅಥವಾ '100' ಶೇಕಡಾವಾರು ಬೆಳ್ಳಿಯಲ್ಲ. ಹನ್ನೆರಡು ಚಮಚ, ಹನ್ನೆರಡು ಫೋರ್ಕುಗಳ ಲೇಪಕ್ಕೆ ಬಳಸಿದ ಬೆಳ್ಳಿಯ ಗ್ರಾಂ ಲೆಕ್ಕ. '800', '835', '925' ಎಂದಿದ್ದರೆ ಮಾತ್ರ ಅದು ಸಾವಿರದಲ್ಲಿ ಎಷ್ಟು ಪಾಲು ಬೆಳ್ಳಿ ಎಂಬ ಲೆಕ್ಕ.

ಮುದ್ರೆ ಅಳಿಸಿದ್ದರೆ?

ಆಗ ಕೆಲವು ಪರೀಕ್ಷೆಗಳು ನೆರವಾಗುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ಕಪ್ಪಾಗಿದೆ ಎಂದು ಬೆಳ್ಳಿಯೆಂದು ನಂಬಬೇಡಿ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಲೇಪದ ಬೆಳ್ಳಿಯೂ ಹಾಗೆಯೇ ಕಪ್ಪಾಗುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆ ಎಂದು ತಿಳಿಯುತ್ತದೆ. ಅಂಟದಿದ್ದರೆ ಏನೂ ತಿಳಿಯದು, ಏಕೆಂದರೆ ಸಾಮಾನ್ಯವಾಗಿ ಜರ್ಮನ್ ಸಿಲ್ವರೂ ಅಂಟುವುದಿಲ್ಲ. ಕೈಗೆ ಭಾರವಾದದ್ದೆಲ್ಲ ಗಟ್ಟಿ ಬೆಳ್ಳಿಯಲ್ಲ. ಅಪ್ಪಟ ಸ್ಟರ್ಲಿಂಗ್‌ನ ಚಾಕುಗಳ ಹಿಡಿ ಮತ್ತು ಮೇಣದ ಬತ್ತಿಯ ಕಂಬಗಳು ಕೂಡ ಒಳಗೆ ಟೊಳ್ಳಾಗಿದ್ದು, ಅರಗಿನಂಥ ವಸ್ತುವಿನಿಂದ ತುಂಬಿರುತ್ತವೆ.

ಸವೆತವನ್ನು ನೋಡುವುದು ಒಳ್ಳೆಯದು. ಚಮಚ ಮೇಜಿಗೆ ತಾಗುವ ತಳ, ಫೋರ್ಕಿನ ಮುಳ್ಳಿನ ತುದಿ, ತಟ್ಟೆಯ ಅಂಚು – ಇಲ್ಲಿ ಬೇರೆ ಬಣ್ಣ ಕಂಡರೆ ಅದು ಲೇಪ.

ಒಂದೇ ಲೋಹದಿಂದಾದ ಚಮಚ, ಫೋರ್ಕುಗಳನ್ನು ಮನೆಯಲ್ಲೇ ಹಾನಿಯಿಲ್ಲದೆ ಪರೀಕ್ಷಿಸುವ ದಾರಿಯೂ ಇದೆ. ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ಚಮಚವನ್ನು ತೂಗಿ. ಬಳಿಕ ನೀರು ತುಂಬಿದ ಉದ್ದನೆಯ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಚಮಚವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಮೊದಲಿನ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. ಸ್ಟರ್ಲಿಂಗ್ ಆದರೆ ಉತ್ತರ 10.3ರ ಆಸುಪಾಸು, ತಾಮ್ರ ಅಥವಾ ಜರ್ಮನ್ ಸಿಲ್ವರ್ ಆದರೆ 9ಕ್ಕಿಂತ ಕಡಿಮೆ. 62 ಗ್ರಾಂ ತೂಗುವ ಚಮಚ ಸ್ಟರ್ಲಿಂಗ್ ಆಗಿದ್ದರೆ ಅಂಕಿ ಸುಮಾರು 6, ಜರ್ಮನ್ ಸಿಲ್ವರ್ ಆಗಿದ್ದರೆ 7ರ ಮೇಲೆ. ಒರೆಗಲ್ಲು ಮತ್ತು ಆಮ್ಲದ ಪರೀಕ್ಷೆಯನ್ನು ಅಕ್ಕಸಾಲಿಗರಿಗೇ ಬಿಡಿ. ಮೇಲ್ಮೈಯನ್ನಷ್ಟೇ ಒರೆಗೆ ಹಚ್ಚಿದರೆ ಲೇಪವೂ ಬೆಳ್ಳಿಯೆಂದೇ ತೋರುತ್ತದೆ. ಕಾಣದ ಜಾಗದಲ್ಲಿ ಸ್ವಲ್ಪ ಅರದಿಂದ ಉಜ್ಜಿಯೇ ನೋಡಬೇಕು.

ನಮ್ಮಲ್ಲಿ ಸಿಗುವ ಹಳೆಯ ಮಾಲಿನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಬ್ರಿಟಿಷರ ಕಾಲದ ಭಾರತದಲ್ಲಿ ಬೆಳ್ಳಿ ಸಾಮಾನಿಗೆ ಇಂಗ್ಲೆಂಡಿನಂಥ ಹಾಲ್‌ಮಾರ್ಕ್ ವ್ಯವಸ್ಥೆ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಆರ್ ಅಂಡ್ ಸನ್ಸ್ ಮುಂತಾದ ಹೆಸರಾಂತ ಮಳಿಗೆಗಳು ತಮ್ಮದೇ ಠಸ್ಸೆ ಒತ್ತುತ್ತಿದ್ದವು. ಹಾಗಾಗಿ ಸಿಂಹವಿಲ್ಲ ಎಂದ ಮಾತ್ರಕ್ಕೆ ಗಟ್ಟಿ ಬೆಳ್ಳಿಯನ್ನು ತಳ್ಳಿಹಾಕಬಾರದು, ಪರೀಕ್ಷೆ ಮಾಡಿಸಬೇಕು. ಬೆಳ್ಳಿಗೆ ನಮ್ಮ ಬಿ.ಐ.ಎಸ್. ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಅಜ್ಜನ ಕಾಲದ ತಟ್ಟೆಯಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಲೇಪದ ಸಾಮಾನು ಕೀಳೆಂದು ಇದರ ಅರ್ಥವಲ್ಲ. ಒಳ್ಳೆಯ ಕೆಲಸಗಾರಿಕೆಯ ಇ.ಪಿ.ಎನ್.ಎಸ್. ಚಮಚ ತಲೆಮಾರುಗಟ್ಟಲೆ ಬಾಳುತ್ತದೆ. ಲೇಪದ ಬೆಲೆ ಕೊಟ್ಟು ಕೊಂಡರೆ ಮೋಸವೇನಿಲ್ಲ. ನಷ್ಟವಾಗುವುದು ಬೆಳ್ಳಿಯ ಬೆಲೆ ಕೊಟ್ಟಾಗ. ಆದ್ದರಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಭೂತಗನ್ನಡಿ ಇರಲಿ. ಮಾರುವವರು ಸ್ಟರ್ಲಿಂಗ್ ಎಂದರೆ, ಆ ಪದವನ್ನೂ ತೂಕವನ್ನೂ ರಸೀದಿಯಲ್ಲಿ ಬರೆದುಕೊಡಲು ಕೇಳಿ. ಬರೆಯಲು ಹಿಂಜರಿದರೆ ಪೆಟ್ಟಿಗೆಯನ್ನು ಮುಚ್ಚಿ ಅಲ್ಲಿಯೇ ಇಟ್ಟು ಬನ್ನಿ.