ಚಕ್ರದ ಮೇಲಿನ ಮನೆಗೆ ಚಳಿ ಹತ್ತಿದಾಗ

ಬಸವನಹುಳು ತನ್ನ ಮನೆಯನ್ನು ತಾನೇ ಹೊತ್ತು ತಿರುಗುತ್ತದೆ. ಮನುಷ್ಯನಿಗೂ ಆ ಆಸೆ ಇಲ್ಲದಿಲ್ಲ. ಯೂರೋಪು, ಅಮೆರಿಕಗಳಲ್ಲಿ ರಜೆ ಬಂತೆಂದರೆ ಸಾವಿರಾರು ಸಂಸಾರಗಳು ‘ಮೋಟರ್‌ಹೋಮ್’ ಎಂಬ ವಾಹನವನ್ನೇರಿ ಹೊರಟುಬಿಡುತ್ತವೆ. ಮುಂದೆ ಚಾಲಕನ ಪೀಠ. ಹಿಂದೆ ಮಲಗಲು ಮಂಚ, ಅಡಿಗೆಗೆ ಒಲೆ, ಊಟಕ್ಕೆ ಮೇಜು, ಸ್ನಾನಕ್ಕೊಂದು ಮೂಲೆ. ಛತ್ರದ ಹಂಗಿಲ್ಲ, ಹೋಟೆಲಿನ ಗೊಡವೆಯಿಲ್ಲ. ನಿಂತಲ್ಲೇ ಮನೆ, ನಿಂತದ್ದೇ ಊರು.

ಆದರೆ ಈ ಮನೆಯ ಗೋಡೆ ಬಲು ತೆಳು. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಹಳ್ಳಿಯಲ್ಲಿ 1895ರ ಫೆಬ್ರವರಿ 11ರಂದು ಒಮ್ಮೆ, 1982ರ ಜನವರಿ 10ರಂದು ಮತ್ತೊಮ್ಮೆ, ಉಷ್ಣತೆ ಸೊನ್ನೆಗಿಂತ 27.2 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ಚಳಿ ಅಪರೂಪವೇ ಸರಿ. ಆದರೂ ಆ ಸೀಮೆಯ ಚಳಿಗಾಲದಲ್ಲಿ ಹೊರಗಿಟ್ಟ ನೀರು ಬೆಳಗಾಗುವುದರೊಳಗೆ ಹೆಪ್ಪುಗಟ್ಟುವುದು ಸಾಮಾನ್ಯ ಸಂಗತಿ.

ಅಂಥ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಮಕ್ಕಳು ಕಂಬಳಿಯೊಳಗೆ ಮುದುರಿಕೊಂಡಿದ್ದಾರೆ. ಮೂಲೆಯಲ್ಲಿ ವಿದ್ಯುತ್ ಹೀಟರು ಸಣ್ಣಗೆ ಗುಂಯ್‌ಗುಡುತ್ತಿದೆ. ತಾಯಿ ಚಹಕ್ಕೆಂದು ಕೆಟಲಿನ ಗುಂಡಿಯನ್ನು ಒತ್ತುತ್ತಾಳೆ. ‘ಟಕ್’ ಎಂದು ಒಂದು ಸದ್ದು. ಬ್ಯಾಟರಿಯ ದೀಪವೇನೋ ಉರಿಯುತ್ತಲೇ ಇದೆ. ಹೀಟರು ಮಾತ್ರ ಮೌನವಾಗಿದೆ. “ಹೀಟರು ಕೆಟ್ಟಿತು” ಎಂದು ಯಜಮಾನನ ತೀರ್ಪು ಹೊರಬೀಳುತ್ತದೆ. ಎಷ್ಟೋ ಸಲ ಈ ತೀರ್ಪೇ ತಪ್ಪು. ಕೆಟ್ಟದ್ದು ಹೀಟರಲ್ಲ, ಲೆಕ್ಕ.

ವ್ಯಾಟುಗಳ ಜಮಾಖರ್ಚು

ಇಂಥ ವಾಹನಗಳು ತಂಗಲೆಂದೇ ಏರ್ಪಟ್ಟ ಬೀಡುಗಳಲ್ಲಿ ಪ್ರತಿಯೊಂದು ನಿಲುಗಡೆಗೂ ಒಂದು ಮೋಟು ಕಂಬ, ಅದರಲ್ಲೊಂದು ವಿದ್ಯುತ್ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಉದ್ದನೆಯ ಕೇಬಲ್ಲಿನ ಮೂಲಕ ವಾಹನಕ್ಕೆ ವಿದ್ಯುತ್ತು ಬರುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 10 ಅಥವಾ 16 ಆಂಪಿಯರ್ ದೊರೆಯುತ್ತದೆ. ಯೂರೋಪಿನ ಕೆಲವು ಬೀಡುಗಳಲ್ಲಿ 6 ಆಂಪಿಯರ್ ಮಾತ್ರ. ಅಲ್ಲಿನ ಒತ್ತಡ 230 ವೋಲ್ಟು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ಆ ಪ್ರಕಾರ 16 ಆಂಪಿಯರಿಗೆ 3680 ವ್ಯಾಟು, 10 ಆಂಪಿಯರಿಗೆ 2300, 6 ಆಂಪಿಯರಿಗೆ ಕೇವಲ 1380.

ಮೇಲಿನ ಸಂಸಾರದ ಹೀಟರು 1800 ವ್ಯಾಟಿನದು, ಕೆಟಲು 2000 ವ್ಯಾಟಿನದು ಎಂದಿಟ್ಟುಕೊಳ್ಳೋಣ. ವರಮಾನ 2300, ಖರ್ಚು 3800! ಫ್ರಿಜ್ಜು, ಬ್ಯಾಟರಿ ಚಾರ್ಜರುಗಳ ಪಾಲು ಬೇರೆ. ಸಾಲ ಕೊಡುವ ಪದ್ಧತಿ ವಿದ್ಯುತ್ತಿನಲ್ಲಿಲ್ಲ, ಎಂ.ಸಿ.ಬಿ. ಸ್ವಿಚ್ಚು ಬಿದ್ದುಹೋಗುತ್ತದೆ. ಗೀಸರು, ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಾಕಿ ಫ್ಯೂಸು ಕಳೆದುಕೊಂಡ ಬೆಂಗಳೂರಿನ ಗೃಹಿಣಿಗೆ ಈ ತತ್ತ್ವ ಹೊಸದೇನಲ್ಲ.

ಅಮೆರಿಕದಲ್ಲಿ ಅಂಕಿ ಬೇರೆ, ಕಥೆ ಒಂದೇ. ಅಲ್ಲಿ 120 ವೋಲ್ಟು. 1500 ವ್ಯಾಟಿನ ಒಂದು ಹೀಟರು 12.5 ಆಂಪಿಯರನ್ನು ನುಂಗುತ್ತದೆ. 15 ಆಂಪಿಯರಿನ ಒಂದೇ ಸಾಲಿಗೆ ಇಂಥ ಎರಡು ಹೀಟರುಗಳನ್ನು ಸಿಕ್ಕಿಸಿದರೆ ಆ ಸಾಲಿನ ಸ್ವಿಚ್ಚು ಬಿದ್ದೇ ತೀರುತ್ತದೆ.

ವಾಹನದ ಬ್ಯಾಟರಿಯಿಂದಲೇ ಹೀಟರನ್ನು ನಡೆಸಬಾರದೇಕೆ ಎನ್ನಬಹುದು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 1200 ವ್ಯಾಟ್-ಗಂಟೆಯ ಶಕ್ತಿ. ಸೀಸ-ಆಮ್ಲದ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಸಾವಿರ ವ್ಯಾಟಿನ ಹೀಟರಿಗೆ ಅದು ಅರ್ಧ ಗಂಟೆಯ ತುತ್ತು!

ಹೊರಗಿನಿಂದ ಒಳಗೆ

ಲೆಕ್ಕ ಸರಿಯಿದ್ದೂ ಹೀಟರು ಬೆಚ್ಚಗಾಗದಿದ್ದರೆ ಹುಡುಕಾಟ ಕಂಬದಿಂದ ಆರಂಭವಾಗಬೇಕು. ಪೆಟ್ಟಿಗೆಯ ಸ್ವಿಚ್ಚು ಬಿದ್ದಿದೆಯೇ? ನೀಲಿ ಬಣ್ಣದ ಪ್ಲಗ್ಗು ಭದ್ರವಾಗಿ ಕುಳಿತಿದೆಯೇ? ಅದರ ಪಿನ್ನುಗಳ ಸುತ್ತ ಕಂದುಬಣ್ಣ ತಿರುಗಿದ್ದರೆ, ಸಡಿಲವಾದ ಸಂಪರ್ಕ ಅಲ್ಲಿ ಕಾದು ಸುಡುತ್ತಿದೆ ಎಂದೇ ಅರ್ಥ. ಕೇಬಲ್ಲನ್ನು ಉರುಳೆಯಿಂದ ಪೂರ್ತಿ ಬಿಚ್ಚಿಡಬೇಕು. ಸುತ್ತಿಟ್ಟ ಕೇಬಲ್ಲಿನ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಹೊದಿಕೆಯೇ ಕರಗಬಹುದು.

ಹೀಟರು ಉರಿಯುತ್ತದೆ, ಆದರೆ ಕಾವು ಸಾಲದು ಎಂಬ ದೂರೂ ಉಂಟು. ಬೀಡಿನ ತುದಿಯ ನಿಲುಗಡೆಗೆ ವಿದ್ಯುತ್ತು ತಲುಪುವ ಹೊತ್ತಿಗೆ ಒತ್ತಡ ಕುಗ್ಗಿರಬಹುದು. ಹೀಟರಿನ ಶಕ್ತಿ ಒತ್ತಡದ ವರ್ಗವನ್ನು ಅನುಸರಿಸುತ್ತದೆ. 230 ವೋಲ್ಟು 207ಕ್ಕೆ ಇಳಿದರೆ ಕಾವು ನೂರಕ್ಕೆ 81ಕ್ಕೆ ಇಳಿದಂತೆ.

ಇನ್ನೊಂದು ವಿಚಿತ್ರ. ವಾಹನದಲ್ಲೇ ಅಳವಡಿಸಿದ ಎಷ್ಟೋ ಹೀಟರುಗಳಿಗೆ ಕಾವು ಬರುವುದು 230 ವೋಲ್ಟಿನಿಂದ. ಆದರೆ ಅವುಗಳ ‘ಮೆದುಳು’ ನಡೆಯುವುದು 12 ವೋಲ್ಟಿನ ಬ್ಯಾಟರಿಯಿಂದ. ಬ್ಯಾಟರಿ ಬರಿದಾದರೆ, ಕಂಬದಲ್ಲಿ ಎಷ್ಟು ವಿದ್ಯುತ್ತಿದ್ದರೂ ಅಂಥ ಹೀಟರು ಏಳುವುದಿಲ್ಲ.

ಯಾವ ಸ್ವಿಚ್ಚು ಬಿತ್ತು?

ವಾಹನದೊಳಗೆ ಕಾವಲುಗಾರರು ಇಬ್ಬರು. ಎಂ.ಸಿ.ಬಿ. ಬಿದ್ದರೆ ಹೊರೆ ಹೆಚ್ಚಾಯಿತು, ಇಲ್ಲವೆ ತಂತಿಗಳು ಪರಸ್ಪರ ತಾಕಿದವು ಎಂದು ತಿಳಿಯಬೇಕು. ಆರ್.ಸಿ.ಡಿ. ಎಂಬ ಎರಡನೆಯ ಸ್ವಿಚ್ಚು ಕಾಯುವುದು ಸೋರಿಕೆಯನ್ನು. ಕೇವಲ 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು, ಭೂಮಿಗೆ ಸೋರಿದರೂ ಅದು ಬಿದ್ದುಬಿಡುತ್ತದೆ. ಆ ಸೋರಿಕೆಯ ದಾರಿ ಮನುಷ್ಯನ ದೇಹವೇ ಆಗಿರಬಹುದೆಂಬುದು ಅದರ ಎಚ್ಚರಿಕೆ.

ಪತ್ತೆಯ ಕ್ರಮ ಸರಳ. ಎಲ್ಲ ಉಪಕರಣಗಳ ಪ್ಲಗ್ಗುಗಳನ್ನು ಕಿತ್ತು ಸ್ವಿಚ್ಚನ್ನು ಮೇಲೆತ್ತಿ, ಒಂದೊಂದನ್ನೇ ಹಾಕುತ್ತ ಬರಬೇಕು. ಹೀಟರನ್ನು ಹಾಕಿದೊಡನೆ ಆರ್.ಸಿ.ಡಿ. ಬಿದ್ದರೆ ಕಳ್ಳ ಸಿಕ್ಕಿದ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಹೀಟರಿನ ಕೊಳವೆಯೊಳಗಿನ ಮೆಗ್ನೀಷಿಯಮ್ ಆಕ್ಸೈಡ್ ಪುಡಿ ತೇವವನ್ನು ಹೀರಿಕೊಂಡಿರುವುದುಂಟು. ಅದನ್ನು ಬಲ್ಲವರ ಕೈಗೆ ಒಪ್ಪಿಸುವುದೇ ವಿವೇಕ.

ಸ್ವಿಚ್ಚುಗಳೆರಡೂ ನೆಟ್ಟಗಿದ್ದು ಹೀಟರು ಮಾತ್ರ ತಣ್ಣಗಿದ್ದರೆ, ಒಣಗಲೆಂದು ಹಾಕಿದ ಮಗುವಿನ ಕಾಲುಚೀಲ ಗಾಳಿಕಿಂಡಿಯನ್ನು ಮುಚ್ಚಿದೆಯೇ ನೋಡಬೇಕು. ಹೀಟರು ಅತಿಯಾಗಿ ಕಾದಾಗಲೂ, ಓರೆಯಾಗಿ ಬಿದ್ದಾಗಲೂ ತಾನಾಗಿ ಆರುವ ಏರ್ಪಾಡು ಅನೇಕ ಹೀಟರುಗಳಲ್ಲಿದೆ. ಅದೂ ಅಲ್ಲವಾದರೆ ಒಳಗಿನ ತಂತಿಯ ಪರೀಕ್ಷೆ. ಸಂಪರ್ಕವನ್ನು ಸಂಪೂರ್ಣ ಕಿತ್ತ ಮೇಲೆ ಬಲ್ಲವರು ಮೀಟರು ಹಿಡಿದರೆ, 230 ವೋಲ್ಟಿನ ಸಾವಿರ ವ್ಯಾಟಿನ ತಂತಿ ಸುಮಾರು 53 ಓಮ್ ರೋಧ ತೋರಿಸಬೇಕು. ತಂತಿ ತುಂಡಾಗಿದ್ದರೆ ಮೀಟರಿಗೆ ದಾರಿಯೇ ಸಿಗದು. ಆಗ, ಆಗ ಮಾತ್ರ, ಯಜಮಾನನ ತೀರ್ಪು ನಿಜ.

ಮಾಡಬಾರದ ಎರಡು ಕೆಲಸ

ಪದೇ ಪದೇ ಬೀಳುವ ಸ್ವಿಚ್ಚನ್ನು ಬಲವಂತದಿಂದ ನಿಲ್ಲಿಸುವುದು, ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಕಟ್ಟುವುದು ಮೊದಲನೆಯ ತಪ್ಪು. ಬೊಗಳುವ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಓಡಿಹೋಗುವುದಿಲ್ಲ.

ಎರಡನೆಯದು ಇನ್ನೂ ಘೋರ. ಹೀಟರು ಆರಿತೆಂದು ಅಡಿಗೆಯ ಗ್ಯಾಸ್ ಒಲೆಯನ್ನು ರಾತ್ರಿಯಿಡೀ ಉರಿಸುವುದು, ಇದ್ದಲ ಒಲೆಯನ್ನು ಒಳಗೆ ತರುವುದು. ಮುಚ್ಚಿದ ವಾಹನದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಇಲ್ಲವಾಗುತ್ತಾರೆ. ಚಳಿ ಕಂಬಳಿಗೆ ಬಗ್ಗುತ್ತದೆ. ಈ ವಿಷಕ್ಕೆ ಕಂಬಳಿಯಿಲ್ಲ. ಅದನ್ನು ಸಾರಿ ಹೇಳುವ ಎಚ್ಚರಿಕೆಯ ಗಂಟೆಯೊಂದು ವಾಹನದಲ್ಲಿ ಇರಲೇಬೇಕು.

ಆ ರಾತ್ರಿಯ ಸಂಸಾರಕ್ಕೆ ಬೇಕಾದ ಮದ್ದು ಅಂಗಡಿಯಲ್ಲಿರಲಿಲ್ಲ. ಕೆಟಲಿನ ಪ್ಲಗ್ಗು ಕಿತ್ತು, ಸ್ವಿಚ್ಚನ್ನು ಮೇಲೆತ್ತಿದರೆ ಹೀಟರು ಮತ್ತೆ ಗುಂಯ್‌ಗುಡುತ್ತದೆ. ಚಹ ಕಾಯಿಸುವಷ್ಟು ಹೊತ್ತು ಹೀಟರು ಆರಿರಲಿ, ಅಷ್ಟೇ. ಹೊಂದಿಕೊಂಡು ಬಾಳುವ ಪಾಠ ದೊಡ್ಡ ಮನೆಗಿಂತ ಚಿಕ್ಕ ಮನೆಗೇ ಹೆಚ್ಚು ಬೇಕು.