ರಾತ್ರಿ ಅರಳುವ ಗುಂಡು ಕಳ್ಳಿ: ಸೊರಗಿತು ಅಂತ ನೀರು ಸುರಿಯಬೇಡಿ

ಸಿಂಧನೂರು: ಹಗಲು ನೋಡಿದರೆ ಬರೀ ಮುಳ್ಳಿನ ಉಂಡೆ. ಕತ್ತಲಾದ ಮೇಲೆ ಅದರ ಮಗ್ಗುಲಿನಿಂದ ಗೇಣುದ್ದದ ಕೊಳವೆಯ ತುದಿಯಲ್ಲಿ ಬಿಳಿ ಅಥವಾ ತಿಳಿ ಗುಲಾಬಿ ಹೂವು ಅರಳುತ್ತದೆ. ಮರುದಿನ ಬಿಸಿಲೇರುತ್ತಿದ್ದಂತೆ ಬಾಡಿ ಜೋತು ಬೀಳುತ್ತದೆ. ಇದೇ ಎಕಿನಾಪ್ಸಿಸ್ ಎಂಬ ಗುಂಡು ಕಳ್ಳಿ. ಮನೆ ಕಟ್ಟೆ, ಅಂಗಡಿ ಮುಂದಿನ ಪಾಟಿನಲ್ಲಿ ಬೆಳೆಸಲು ಸುಲಭದ ಗಿಡ. ಆದರೆ ಇದು ಸಾಯೋದು ಹೆಚ್ಚಾಗಿ ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ.

ಬ್ರಹ್ಮಕಮಲ ಇದಲ್ಲ

ರಾತ್ರಿ ಅರಳುತ್ತದೆ ಅಂದ ಕೂಡಲೇ ಬಾಳ ಮಂದಿ ಬ್ರಹ್ಮಕಮಲ ಅಂತಾರೆ. ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಅಂತ ಕರೆಯುವ ಗಿಡವೂ ಕಳ್ಳಿ ಕುಟುಂಬದ್ದೇ, ಆದರೆ ಅದರ ಕಾಂಡ ಎಲೆಯಂತೆ ಚಪ್ಪಟೆ. ಎಕಿನಾಪ್ಸಿಸ್ ಗುಂಡಗಿರುತ್ತದೆ, ವಯಸ್ಸಾದಂತೆ ಸ್ವಲ್ಪ ಉದ್ದವಾಗುತ್ತದೆ. ಇದರ ತವರು ದಕ್ಷಿಣ ಅಮೆರಿಕದ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆ. ನಮ್ಮ ಬೇಲಿಗಳಲ್ಲಿರುವ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ಮುರಿದರೆ ಬಿಳಿ ಹಾಲು ಸುರಿಯುವ ಚದುರಗಳ್ಳಿ ಮಾತ್ರ ಬೇರೆ ಕುಟುಂಬದ್ದು.

ಮೈಮೇಲಿನ ಏಣು ಯಾಕೆ?

ಗಿಡದ ಮೈಮೇಲೆ ಮೇಲಿಂದ ಕೆಳಗೆ ಏಣುಗಳಿವೆ. ಏಣಿನ ಮೇಲೆ ಸಾಲಾಗಿ ಹತ್ತಿಯಂಥ ಚುಕ್ಕೆಗಳು, ಅವುಗಳಿಂದಲೇ ಮುಳ್ಳು, ಮೊಗ್ಗು, ಮರಿಗಳು ಹುಟ್ಟುತ್ತವೆ. ಏಣು ಸೀರೆಯ ನೆರಿಗೆ ಇದ್ದಂತೆ: ನೀರು ಸಿಕ್ಕಾಗ ಬಿಚ್ಚಿಕೊಂಡು ಮೈ ಉಬ್ಬುತ್ತದೆ, ಸಿಗದಿದ್ದಾಗ ಮಡಚಿಕೊಂಡು ಸೊರಗುತ್ತದೆ. ಬಿರು ಹಗಲಿನಲ್ಲಿ ತೇವ ಹೋಗದಂತೆ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಹೂವೂ ರಾತ್ರಿಯೇ ಅರಳುತ್ತದೆ, ಯಾಕೆಂದರೆ ತವರಿನಲ್ಲಿ ಇದರ ಪರಾಗ ಸಾಗಿಸುವುದು ಉದ್ದ ಸೊಂಡಿಲಿನ ರಾತ್ರಿ ಪತಂಗಗಳು.

ಸೊರಗಿದ್ದೋ, ಕೊಳೆತದ್ದೋ?

ಮೈ ಕುಗ್ಗಿ ಏಣು ಎದ್ದು ಕಂಡರೂ ಮುಟ್ಟಿದಾಗ ಗಟ್ಟಿಯಾಗಿದ್ದರೆ ಅದು ಬರೀ ಬಾಯಾರಿಕೆ. ಒಮ್ಮೆ ನೀರು ಕೊಟ್ಟರೆ ಕೆಲ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕೊಳೆತ. ಆಗ ನೀರು ಹಾಕಿದರೆ ಗಿಡ ಹೋದಂತೆಯೇ. ಗಟ್ಟಿಯಾಗಿರುವ ಮರಿಗಳನ್ನು ಬಿಡಿಸಿ, ಗಾಯ ಒಣಗುವಂತೆ ವಾರದ ಮಟ್ಟಿಗೆ ನೆರಳಲ್ಲಿಟ್ಟು ಬೇರೆ ಪಾಟಿಗೆ ನೆಡಿ.

ನಮ್ಮ ಭಾಗಕ್ಕೆ ಹೀಗೆ ಮಾಡಿ

* ಭತ್ತದ ಗದ್ದೆಯ ಎರೆಮಣ್ಣನ್ನು ಹಾಗೇ ತುಂಬಬೇಡಿ. ಅದು ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸುತ್ತದೆ. ಮಸಾರಿ ಮಣ್ಣು, ದಪ್ಪ ಮರಳು, ಸಣ್ಣ ಹರಳುಕಲ್ಲು, ಸ್ವಲ್ಪ ಹಳೆ ಗೊಬ್ಬರ ಬೆರೆಸಿ.
* ಪಾಟಿನ ತಳಕ್ಕೆ ತೂತು ಇರಲೇಬೇಕು. ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲಬಾರದು.
* ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಮಳೆಗಾಲದಲ್ಲಿ ಸೂರಿನ ಕೆಳಗಿಡಿ, ಚಳಿಗಾಲದಲ್ಲಿ ನೀರು ಇನ್ನೂ ಕಡಿಮೆ ಮಾಡಿ. ಈ ಒಣ ವಿಶ್ರಾಂತಿ ಮುಂದೆ ಮೊಗ್ಗು ಬರಲು ನೆರವಾಗುತ್ತದೆ.
* ಬೆಳಗಿನ ಬಿಸಿಲು ಬೇಕು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಮಾತ್ರ ನೆರಳು ಕೊಡಿ, ಇಲ್ಲದಿದ್ದರೆ ಮೈ ಸುಟ್ಟು ಕಲೆ ಬೀಳುತ್ತದೆ.
* ಅಂಗಡಿ ಮುಂದಿಡುವವರು ಗಿರಾಕಿಗಳ ಕೈಗೆ, ಮಕ್ಕಳಿಗೆ ತಾಗದಷ್ಟು ಎತ್ತರದಲ್ಲಿಡಿ.

ಮಗ್ಗುಲಲ್ಲಿ ಬೂದು ಕೂದಲಿನ ಗುಬುಟು ಕಂಡರೆ ಅದೇ ಮೊಗ್ಗು. ಅದು ಉದ್ದವಾಗಿ ತುದಿ ಉಬ್ಬಿದ ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ಒಮ್ಮೆ ನೋಡಿ. ಹೂವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ.